ಪಿವಿವ್ಯಾಟ್ಸ್ ಒಳ್ಳೇದಾ ಪಿವಿಜಿಐಎಸ್ಸಾ? ಎರಡೂ ಬಳಸೋನ ಅಭಿಪ್ರಾಯ

ಸೋಲಾರ್ ಹಾಕಿಸ್ದ್ರೆ ವರ್ಷಕ್ಕೆ ಎಷ್ಟು ಯೂನಿಟ್ ಬರಬಹುದು ಅಂತ ಲೆಕ್ಕ ಹಾಕಿಕೊಡೋ ಸೈಟ್‌ಗಳು ಬೇಕಾದಷ್ಟಿವೆ, ಆದ್ರೆ ನಾನು ಪದೇ ಪದೇ ತೆಗೆಯೋದು ಎರಡೇ. ಒಂದು ಅಮೆರಿಕದ ಎನ್‌ಆರ್‌ಇಎಲ್ ಅನ್ನೋ ಸರ್ಕಾರಿ ಇಂಧನ ಸಂಶೋಧನಾ ಲ್ಯಾಬ್ ಮಾಡಿದ ಪಿವಿವ್ಯಾಟ್ಸ್, ಇನ್ನೊಂದು ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್. ಎರಡೂ ಫ್ರೀ, ಲಾಗಿನ್ ಕಾಟ ಇಲ್ಲ.

ಪಿವಿವ್ಯಾಟ್ಸ್ ತುಂಬಾ ಸಲೀಸು. ಜಾಗ, ಕಿಲೋವ್ಯಾಟ್, ಪ್ಯಾನೆಲ್ ಎಷ್ಟು ಓರೆ, ಯಾವ ದಿಕ್ಕು ಅಂತ ತುಂಬ್ಸಿದ್ರೆ ತಿಂಗಳುವಾರು ಟೇಬಲ್ ರೆಡಿ, ಬೇಕಂದ್ರೆ ವರ್ಷದ 8760 ಗಂಟೆಗೂ ಒಂದೊಂದು ಸಾಲಿರೋ ಫೈಲ್ ಇಳಿಸ್ಕೋಬಹುದು. ನನಗೆ ಇಷ್ಟ ಆಗಿದ್ದು ಲಾಸ್ ಲೆಕ್ಕನ, ಅಂದ್ರೆ ಕರೆಂಟ್ ಎಲ್ಲೆಲ್ಲಿ ಎಷ್ಟು ಸೋರಿಹೋಗತ್ತೆ ಅನ್ನೋದನ್ನ, ಬಿಚ್ಚಿ ತೋರ್ಸೋದು. ಧೂಳಿಗೆ 2%, ನೆರಳಿಗೆ 3%, ವೈರಿಂಗ್‌ಗೆ 2%, ಹಿಂಗೆ ಇನ್ನೂ ಕೆಲವು ಸೇರಿ ಪಟ್ಟಿ ಇರತ್ತೆ, ಎಲ್ಲಾ ಕೂಡಿದ್ರೆ 15 ಆಗತ್ತೆ ಆದ್ರೆ ಅದು ತೋರ್ಸೋದು 14.08, ಯಾಕಂದ್ರೆ ಒಂದು ಲಾಸ್ ಆಗಿ ಉಳಿದಿದ್ರ ಮೇಲೆ ಮುಂದಿನ ಲಾಸ್ ಬೀಳತ್ತೆ. ಧೂಳು ಜಾಸ್ತಿ ಇರೋ ಕಡೆ ಆ 2ನ್ನ ಹಾಗೇ ಬಿಡ್ಬೇಡಿ.

ಪಿವಿಜಿಐಎಸ್‌ನಲ್ಲೂ ಲಾಸ್ 14 ಅಂತಾನೇ ತುಂಬಿರತ್ತೆ, ಅದನ್ನ ನೋಡಿ ಎರಡೂ ಒಂದೇ ಅಂತ ಜನ ಅಂದ್ಕೋತಾರೆ, ಅಲ್ಲ. ಪಿವಿಜಿಐಎಸ್ 14ರಲ್ಲಿ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನ ಮನೆಯ ಎಸಿಗೆ ಬದಲಾಯಿಸೋ ಪೆಟ್ಟಿಗೆ) ಲಾಸೂ ಸೇರಿದೆ, ಪಿವಿವ್ಯಾಟ್ಸ್ ಇನ್ವರ್ಟರ್‌ನ ದಕ್ಷತೆ 96% ಅಂತ ಬೇರೇನೇ ಹಿಡಿಯತ್ತೆ. ಹೋಲಿಸಿ ನೋಡೋದಾದ್ರೆ ಪಿವಿಜಿಐಎಸ್‌ನಲ್ಲಿ ಹತ್ರ ಹತ್ರ 17.5 ಹಾಕಿ. ಆಮೇಲೂ ವ್ಯತ್ಯಾಸ ಉಳಿದ್ರೆ ಅದು ಮುಖ್ಯವಾಗಿ ಎರಡೂ ಬಳಸೋ ಬಿಸಿಲಿನ ಡೇಟಾ ಬೇರೆ ಇರೋದ್ರಿಂದ.

ಇನ್ನೊಂದು ಕಿರಿಕಿರಿ ದಿಕ್ಕಿನದು. ಪಿವಿವ್ಯಾಟ್ಸ್‌ನಲ್ಲಿ ದಕ್ಷಿಣ ಅಂದ್ರೆ 180, ಪಿವಿಜಿಐಎಸ್‌ನಲ್ಲಿ ದಕ್ಷಿಣ ಅಂದ್ರೆ 0, ಪೂರ್ವ -90, ಪಶ್ಚಿಮ 90. ಅಲ್ಲಿಂದ 180 ತಂದು ಇಲ್ಲಿ ಹಾಕಿದ್ರೆ ಪ್ಯಾನೆಲ್ ಉತ್ತರಕ್ಕೆ ತಿರುಗತ್ತೆ, ಸೈಟು ಕಮಕ್ ಕಿಮಕ್ ಅನ್ನಲ್ಲ. ಪ್ಯಾನೆಲ್ ಓರೆ ಕಮ್ಮಿ ಇದ್ರೆ ಉತ್ತರಕ್ಕೂ ದಕ್ಷಿಣಕ್ಕೂ ಅಂಥಾ ದೊಡ್ಡ ವ್ಯತ್ಯಾಸನೂ ಬರಲ್ಲ, ಹಂಗಾಗಿ ತಪ್ಪಾಗಿದೆ ಅಂತ ಗೊತ್ತೂ ಆಗಲ್ಲ. ಇಬ್ರೂ ಕೂತು ಒಂದು ಲೆಕ್ಕಕ್ಕೆ ಬರಬಾರ್ದಿತ್ತಾ?

ಆದ್ರೂ ಒಂದೇ ಸಾಕು ಅಂದ್ರೆ ನನ್ ಓಟು ಪಿವಿಜಿಐಎಸ್‌ಗೆ. ವರ್ಷದಿಂದ ವರ್ಷಕ್ಕೆ ಉತ್ಪಾದನೆ ಎಷ್ಟು ಏರುಪೇರಾಗತ್ತೆ ಅನ್ನೋದನ್ನೂ ಯೂನಿಟ್ ಲೆಕ್ಕದಲ್ಲೇ ಕೊಡತ್ತೆ, ಒಂದೇ ನಂಬರ್ ಹಿಡ್ಕೊಂಡು ಕೂರೋ ಅಗತ್ಯ ಇಲ್ಲ. ಗ್ರಿಡ್, ಅಂದ್ರೆ ಕರೆಂಟ್ ಲೈನ್, ಇಲ್ಲದ ಕಡೆ ಬ್ಯಾಟರಿ ಹಾಕೋರಿಗಂತೂ ಅದ್ರ ಆಫ್-ಗ್ರಿಡ್ ಭಾಗ ಬಂಗಾರ. ದಿನಕ್ಕೆ ಎಷ್ಟು ಕರೆಂಟ್ ಬೇಕು, ಬ್ಯಾಟರಿ ಎಷ್ಟು ದೊಡ್ಡದು ಅಂತ ಕೊಟ್ರೆ ಯಾವ ತಿಂಗಳಲ್ಲಿ ನೂರಕ್ಕೆ ಎಷ್ಟು ದಿನ ಬ್ಯಾಟರಿ ಖಾಲಿ ಆಗತ್ತೆ ಅಂತ ಹೇಳತ್ತೆ. ಬ್ಯಾಟರಿ 40%ಗೆ ಇಳಿದ್ರೆ ಕಟ್ ಅಂತ ಮೊದಲೇ ಸೆಟ್ ಆಗಿರತ್ತೆ, ಅದು ಲೆಡ್ ಆಸಿಡ್ ಬ್ಯಾಟರಿಗೆ, ಲಿಥಿಯಂ ಆದ್ರೆ 20ಕ್ಕೆ ಇಳಿಸ್ಕೊಳ್ಳಿ, ಇಲ್ಲಾಂದ್ರೆ ಸುಮ್ನೆ ದೊಡ್ಡ ಬ್ಯಾಟರಿ ಬೇಕು ಅಂತ ಲೆಕ್ಕ ಬರತ್ತೆ.

ನೆರಳಿನ ವಿಷ್ಯದಲ್ಲಿ ಮಾತ್ರ ಎರಡೂ ಕುರುಡೇ. ಪಿವಿಜಿಐಎಸ್ ಬೆಟ್ಟ ಗುಡ್ಡದ ನೆರಳು ಹಿಡಿಯತ್ತೆ, ಆದ್ರೆ ಅದ್ರ ಭೂಪಟಕ್ಕೆ ಸುಮಾರು 90 ಮೀಟರ್‌ಗಿಂತ ಸಣ್ಣದು ಕಾಣಲ್ಲ, ಪಕ್ಕದ ಕಟ್ಟಡ, ಮರ, ನೀರಿನ ಟ್ಯಾಂಕು ಅದಕ್ಕೆ ಇಲ್ವೇ ಇಲ್ಲ. ಸುತ್ತಲ ಅಡ್ಡಿಗಳ ಎತ್ತರ ಅಳೆದು ನಾವೇ ಫೈಲ್ ಮಾಡಿ ಹಾಕಬಹುದು, ಅಷ್ಟು ಯಾರು ಮಾಡ್ತಾರೋ. ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ರೂ ಅದ್ರ ಜೊತೆ ಸೀರೀಸ್‌ನಲ್ಲಿರೋ ಸಾಲಿಗೇ ಏಟು ಬೀಳಬಹುದು, ಪಿವಿವ್ಯಾಟ್ಸ್‌ನ 3% ಅಲ್ಲಿ ಯಾವ ಲೆಕ್ಕಕ್ಕೂ ಬರಲ್ಲ. ಅಂಥಾ ಕಡೆ ಎನ್‌ಆರ್‌ಇಎಲ್ ಅವರದ್ದೇ ಸ್ಯಾಮ್ ಅನ್ನೋ ಸಾಫ್ಟ್‌ವೇರ್ ಇದೆ, ಅದೂ ಫ್ರೀ, ಕಂಪ್ಯೂಟರ್‌ಗೆ ಇಳಿಸ್ಕೊಂಡು ಟ್ಯಾಂಕು ಗೋಡೆ ಎಲ್ಲಾ 3ಡಿಯಲ್ಲಿ ಬಿಡಿಸಿ ನೆರಳು ಲೆಕ್ಕ ಹಾಕ್ಬಹುದು. ಕಲಿಯೋಕೆ ತಾಳ್ಮೆ ಬೇಕು, ನೆರಳೇ ಬೀಳದ ಟಾರಸಿಗೆ ನಾನಂತೂ ಅಷ್ಟು ತಲೆ ಕೆಡಿಸ್ಕೊಳ್ಳಲ್ಲ.