ಚೆಂಡು ಬಲಕ್ಕೆ ಓಡುವ ದಿನ: ಸ್ವಿಂಗ್ ತಿದ್ದೋದಾ, ಗುರಿ ತಿದ್ದೋದಾ, ಡ್ರೈವರ್ ಒಳಗಿಡೋದಾ?

ಗಾಲ್ಫ್‌ನಲ್ಲಿ ಅಂಥ ದಿನ ಮೂರನೇ ಹೋಲ್ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಮೊದಲ ಟೀಯಿಂದ (ಹೋಲ್ ಶುರುವಾಗುವ ಜಾಗ) ಹೊಡೆದದ್ದು ಬಲಕ್ಕೆ ಬಾಗಿ, ಉದ್ದ ಹುಲ್ಲಿನ ರಫ್ ಸೇರಿತು. ಎರಡನೆಯದು ಇನ್ನೂ ಬಲಕ್ಕೆ, ಮರದ ಬುಡಕ್ಕೆ. ಮೂರನೆಯದು ಬಿಳಿ ಗೂಟದ ಆಚೆ. ಓಬಿ, ಅಂದರೆ ಔಟ್ ಆಫ್ ಬೌಂಡ್ಸ್, ಗಡಿಯಾಚೆ. ಒಂದು ಸ್ಟ್ರೋಕ್ ದಂಡ ತೆತ್ತು, ಅದೇ ಜಾಗದಿಂದ ಮತ್ತೆ ಹೊಡೆಯಬೇಕು. ಇನ್ನೂ ಹದಿನೈದು ಹೋಲ್ ಬಾಕಿ ಇದೆ.

ನಾನು ಆಡುವುದು ಮೈಸೂರಿನಲ್ಲಿ. ರೇಸ್‌ಕೋರ್ಸ್ ಮಧ್ಯದ ಗಾಲ್ಫ್ ಮೈದಾನ, ಕತ್ತೆತ್ತಿದರೆ ಚಾಮುಂಡಿ ಬೆಟ್ಟ. ಬಲಗೈ ಆಟ, ಹ್ಯಾಂಡಿಕ್ಯಾಪ್ 22, ಅಂದರೆ ಸಾಧಾರಣ ಆಟ. ಚೆಂಡು ಹೀಗೆ ಬಲಕ್ಕೆ ಬಾಗುವ ಸ್ಲೈಸ್ ನನ್ನ ಹಳೇ ನೆಂಟ, ಹೇಳದೆ ಕೇಳದೆ ಬರುತ್ತಾನೆ. ಬಂದಾಗ ಏನು ಮಾಡಬೇಕು ಅನ್ನೋದಕ್ಕೆ ಕ್ಲಬ್ಬಿನಲ್ಲಿ ಮೂರು ಉತ್ತರ ಸಿಗುತ್ತವೆ. ಅಲ್ಲೇ ಸ್ವಿಂಗ್ ಸರಿಮಾಡಿಕೋ. ಇಲ್ಲಾ, ಎಡಕ್ಕೆ ಗುರಿಯಿಟ್ಟು ಬಾಗಿದ ಚೆಂಡನ್ನೇ ಆಡು. ಅದೂ ಬೇಡವಾದರೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರನ್ನು ಬ್ಯಾಗಿಗೆ ಹಾಕಿ, ಅದಕ್ಕಿಂತ ಗಿಡ್ಡನೆಯ ಫೈವ್ ವುಡ್ ತೆಗಿ. ಕಳೆದ ವರ್ಷ ಮೂರನ್ನೂ ತಲಾ ಎರಡು ರೌಂಡ್ ಪರೀಕ್ಷೆ ಮಾಡಿ, ಸ್ಕೋರ್‌ಕಾರ್ಡ್ ಹಿಂದೆ ಬರೆದಿಟ್ಟುಕೊಂಡೆ. ಆರು ರೌಂಡ್‌ನಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೂ ಕಾರ್ಡ್ ನೋಡಿದಾಗ ನನಗೇ ಸ್ವಲ್ಪ ನಾಚಿಕೆಯಾಯಿತು.

ಸ್ವಿಂಗ್ ತಿದ್ದಿದ ದಿನಗಳು ಒಟ್ಟು ಹೊಡೆತ 103 ಮತ್ತು 101 (ಕಡಿಮೆಯಾದಷ್ಟೂ ಒಳ್ಳೆಯದು). ಗುರಿ ತಿದ್ದಿದಾಗ 98, 95. ಫೈವ್ ವುಡ್ ಹಿಡಿದಾಗ 94, 96. ಓಬಿ ಲೆಕ್ಕ ಇನ್ನೂ ಚೆನ್ನಾಗಿದೆ: ಸ್ವಿಂಗ್ ತಿದ್ದಿದ ಎರಡು ದಿನಕ್ಕೆ ಒಟ್ಟು ಏಳು, ಗುರಿ ತಿದ್ದಿದಾಗ ಮೂರು, ಫೈವ್ ವುಡ್‌ನಲ್ಲಿ ಒಂದೇ ಒಂದು.

ನಾಚಿಕೆ ಯಾಕೆಂದರೆ, ಹತ್ತು ವರ್ಷದಿಂದ ನಾನು ಮಾಡುತ್ತಾ ಬಂದಿರುವುದು ಆ ಮೊದಲನೆಯದನ್ನೇ. ಅಭ್ಯಾಸದ ಮೈದಾನದಲ್ಲಿ, ಅಂದರೆ ರೇಂಜಿನಲ್ಲಿ, ಕಲಿತದ್ದು ನೆನಪಾಗುತ್ತದೆ. ಎಡಗೈಯನ್ನು ಗ್ರಿಪ್ ಮೇಲೆ ಸ್ವಲ್ಪ ಬಲಕ್ಕೆ ತಿರುಗಿಸಬೇಕು, ಮೇಲಿಂದ ನೋಡಿದರೆ ಮೂರು ಗೆಣ್ಣು ಕಾಣಬೇಕು. ಮಾಡಿದೆ. ನಾಲ್ಕನೇ ಹೋಲ್‌ನಲ್ಲಿ ಚೆಂಡು ದಾರ ಕಟ್ಟಿ ಎಳೆದ ಹಾಗೆ ನೇರ ಹೋಯಿತು. ಐದರಲ್ಲಿ ಹುಕ್ ಆಗಿ ಎಡಕ್ಕೆ. ಆರರಲ್ಲಿ ಹೆದರಿ ಅರ್ಧ ಗೆಣ್ಣು ವಾಪಸ್ ತಿರುಗಿಸಿದೆ, ಹೊಡೆತ ಚೆಂಡಿನ ನೆತ್ತಿಗೆ ಬಿದ್ದು (ಟಾಪ್ ಆಗಿ), ಅದೇ ಹೋಲ್‌ನ ಮುಂಭಾಗದ ಟೀವರೆಗೂ ಹೋಗಲಿಲ್ಲ. ಅಷ್ಟರಲ್ಲಿ ಜೊತೆಯವರ ಪಾಠ ಶುರು. "ತಲೆ ಎತ್ತಿಬಿಟ್ರಿ ಸ್ವಾಮಿ." ಇನ್ನೊಬ್ಬರು, "ಮೊಣಕೈ ನೋಡ್ಕೊಳಿ." ಪಂದ್ಯದಲ್ಲಿ ಎದುರಾಳಿಗೆ ಹೀಗೆ ಸಲಹೆ ಕೊಟ್ಟರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಸ್ಟ್ರೋಕ್ ದಂಡ, ಕೇಳಿದವರಿಗೂ ಅಷ್ಟೇ. ಭಾನುವಾರದ ಆಟಕ್ಕೂ ಆ ನಿಯಮ ಬಿಗಿಯಾಗಿ ಹಾಕಿದರೆ ನಮ್ಮ ನಾಲ್ವರ ಗುಂಪಿನಲ್ಲಿ ಯಾರೂ ನೂರರೊಳಗೆ ಬರಲ್ಲ.

ತೊಂದರೆ ಗ್ರಿಪ್‌ದಲ್ಲ. ರೇಂಜಿನಲ್ಲಿ ಒಂದೇ ಕ್ಲಬ್, ಒಂದರ ಹಿಂದೆ ಒಂದು ನಲವತ್ತು ಚೆಂಡು. ಹತ್ತನೆಯದಕ್ಕೆ ಕೈ ತಾನಾಗಿ ಹದಕ್ಕೆ ಬರುತ್ತದೆ. ಕೋರ್ಸಿನಲ್ಲಿ ಒಂದು ಡ್ರೈವ್ ಆದಮೇಲೆ ಇನ್ನೊಂದು ಡ್ರೈವ್‌ಗೆ ಹದಿನೈದು ನಿಮಿಷ. ನಡುವೆ ಐರನ್ (ಲೋಹದ ತಲೆಯ ಕ್ಲಬ್), ಚಿಪ್ (ಸಣ್ಣ ಹೊಡೆತ), ಪಟ್ (ಕುಳಿಗೆ ಉರುಳಿಸುವುದು), ಒಂದಿಷ್ಟು ಹರಟೆ. ಒಂದು ಚೆಂಡು ಹೊಡೆದು ನೋಡೋಣ ಅಂದರೆ ಅದೂ ಆಗಲ್ಲ. ಎರಡು ಹೋಲ್ ನಡುವೆ, ಮುಗಿಸಿದ ಗ್ರೀನ್ (ಕುಳಿಯಿರುವ ನುಣುಪು ಹುಲ್ಲು) ಹತ್ತಿರವೋ ಮುಂದಿನ ಟೀ ಹತ್ತಿರವೋ ಪಟ್, ಚಿಪ್ ಮಾಡಿಕೊಳ್ಳಬಹುದು. ಡ್ರೈವರ್ ಬೀಸುವುದಾದರೆ ಚೆಂಡಿಲ್ಲದೆ ಸುಮ್ನೆ ಗಾಳಿಗೆ ಬೀಸಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಅಂತಾರಲ್ಲ, ಇಲ್ಲಿ ಅದಕ್ಕೆ ಬಾಣವನ್ನೂ ಕೊಡಲ್ಲ.

ಎರಡನೇ ಮದ್ದು ಹೇಳಿದ್ದು ಬ್ಯಾಗ್ ಹೊರುವ ನನ್ನ ಕ್ಯಾಡಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯುವುದು. "ಸಾರ್, ಇವತ್ತು ಬಾಲ್ ಬಲಕ್ಕೇ ಹೋಗ್ತೀನಿ ಅಂತಿದೆ. ಹೋಗ್ಲಿ ಬಿಡಿ. ಎಡಕ್ಕೆ ನೋಡ್ಕೊಂಡು ಹೊಡೀರಿ."

ಹೊಡೆದೆ. ಮೊದಲ ನಾಲ್ಕು ಹೋಲ್ ಇನ್ನೂ ಕೆಟ್ಟದಾಯಿತು! ಎಡಕ್ಕೆ ನಿಂತಷ್ಟೂ ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತಿತ್ತು. ಇದು ಅರ್ಥವಾಗಲು ಒಂದು ಇಡೀ ರೌಂಡ್ ಹಿಡಿಯಿತು. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನೋದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕ್ಲಬ್‌ನ ಫೇಸ್, ಅಂದರೆ ಚೆಂಡಿಗೆ ತಗಲುವ ಮುಖ. ಎಷ್ಟು ಬಾಗುತ್ತದೆ ಅನ್ನೋದು ಫೇಸ್‌ಗೂ ಕ್ಲಬ್ ಬೀಸುವ ದಾರಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ನಾನು ಪಾದ, ಭುಜ ಎರಡನ್ನೂ ಎಡಕ್ಕೆ ತಿರುಗಿಸಿ ಫೇಸ್ ಮಾತ್ರ ಹಳೇ ಜಾಗಕ್ಕೇ, ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ನಡುವಿಗೇ ಇಡುತ್ತಿದ್ದೆ. ದಾರಿ ಎಡಕ್ಕೆ ಹೋಯಿತು, ಫೇಸ್ ಹೋಗಲಿಲ್ಲ. ವ್ಯತ್ಯಾಸ ಜಾಸ್ತಿಯಾಯಿತು, ಸ್ಲೈಸ್ ಜಾಸ್ತಿಯಾಯಿತು. ಸ್ಲೈಸ್ ಬರಿಸಿಕೊಳ್ಳೋ ಪಾಠವನ್ನೇ ನಾನು ಮಾಡುತ್ತಿದ್ದೆ.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ಫೇರ್‌ವೇಯ ಎಡ ಅಂಚಿನಲ್ಲಿ ಒಂದು ಮರವನ್ನೋ ಬಂಕರನ್ನೋ ಗುರುತು ಮಾಡಿಕೊಂಡು, ಫೇಸನ್ನು ಅದಕ್ಕೆ ಇಡುವುದು. ಪಾದ ಅದರ ಹಿಂದೆ ಬರಲಿ. ಚೆಂಡು ಎಡ ಅಂಚಿಗೆ ಹೊರಟು, ತನ್ನ ಅಭ್ಯಾಸದಂತೆ ಬಾಗಿ, ನಡುವಿಗೋ ಬಲಗಡೆ ರಫ್‌ಗೋ ಬರುತ್ತದೆ. ನೋಡಲು ಚೆನ್ನಾಗಿರಲ್ಲ, ಸಿಗುತ್ತೆ ಅಷ್ಟೆ. ಕಳೆದ ಚೆಂಡು ಹುಡುಕಲು 2019ರಿಂದ ಐದರ ಬದಲು ಮೂರೇ ನಿಮಿಷ ಕೊಡುತ್ತಾರೆ, ಹಾಗಾಗಿ ಸಿಗೋದು ಸಣ್ಣ ವಿಷಯವಲ್ಲ.

ಇದಕ್ಕೂ ಒಂದು ಕಾಟವಿದೆ. ಎಡಕ್ಕೆ ಗುರಿಯಿಟ್ಟ ದಿನವೇ ಸ್ಲೈಸ್ ರಜೆ ಹಾಕುತ್ತದೆ. ಹನ್ನೊಂದನೇ ಹೋಲ್‌ನಲ್ಲಿ ಚೆಂಡು ಕಡ್ಡಿಯಷ್ಟು ನೇರ ಹೋಗಿ ಎಡಗಡೆ ಮರಗಳೊಳಗೆ ಬಿತ್ತು. ಆರು ತಿಂಗಳಲ್ಲಿ ನಾನು ಹೊಡೆದ ಅತ್ಯುತ್ತಮ ಡ್ರೈವ್ ಅದು. ಅಣ್ಣ ಏನೂ ಮಾತಾಡಲಿಲ್ಲ, ಇನ್ನೊಂದು ಚೆಂಡು ಕೈಗಿಟ್ಟರು.

ಫೈವ್ ವುಡ್ ಬಗ್ಗೆ ಹೇಳಲು ಅಷ್ಟೊಂದಿಲ್ಲ, ಅದು ಅಷ್ಟು ಸರಳ. ನನ್ನ ಡ್ರೈವರ್ ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, 10.5 ಡಿಗ್ರಿ, ಫೈವ್ ವುಡ್‌ದು 18. ಲಾಫ್ಟ್ ಜಾಸ್ತಿಯಾದಷ್ಟೂ ಚೆಂಡಿಗೆ ಹಿಮ್ಮುಖ ಸುತ್ತು ಜಾಸ್ತಿ. ಅದೇ ತಪ್ಪು ಮಾಡಿದರೂ ಪಕ್ಕಕ್ಕೆ ಬಾಗುವುದು ಕಡಿಮೆ. ಕೋಲೂ ಗಿಡ್ಡ, ಚೆಂಡು ಫೇಸ್‌ನ ನಡುವಿಗೆ ತಗಲುವುದು ಸುಲಭ. ನಷ್ಟ ಅಂದರೆ ದೂರ. ಡ್ರೈವರ್ ಸರಿಯಾಗಿ ಬಿದ್ದರೆ ನನಗೆ 200 ಗಜ, ಫೈವ್ ವುಡ್ 175.

ನಮ್ಮಲ್ಲಿ ಬಲಗಡೆ ಉದ್ದಕ್ಕೂ ಭಯವಿರುವ ಒಂದು ಉದ್ದನೆಯ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಇದೆ. ಮೂರೂ ಮದ್ದನ್ನು ಅಲ್ಲಿಟ್ಟು ನೋಡಿದರೆ ಚಿತ್ರ ಸ್ಪಷ್ಟ. ಸ್ವಿಂಗ್ ತಿದ್ದಿದ ದಿನ ಎಂಟು, ಇನ್ನೊಂದು ದಿನ ಏಳು. ಗುರಿ ತಿದ್ದಿದಾಗ ಐದು, ಏಳು. ಫೈವ್ ವುಡ್‌ನಲ್ಲಿ ಎರಡು ಸಲವೂ ಐದು. ಯಾಕೆ ಅಂದರೆ, ಡ್ರೈವರ್ ಚೆನ್ನಾಗಿ ಬಿದ್ದರೂ ನಾನು ಆ ಗ್ರೀನನ್ನು ಎರಡೇ ಹೊಡೆತದಲ್ಲಿ ಮುಟ್ಟುವವನಲ್ಲ. ಹೇಗಿದ್ದರೂ ಮೂರನೆಯದು ಚಿಪ್. ಹಾಗಿದ್ದಮೇಲೆ ಆ 25 ಗಜದ ಆಸೆ ಯಾಕಿತ್ತು ಅಂತ ಕೇಳಿದರೆ ಉತ್ತರವಿಲ್ಲ. ಸದ್ದು ಚೆನ್ನಾಗಿರುತ್ತೆ, ಅಷ್ಟೆ.

ಇಲ್ಲಿ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ನೆನಪಾಗುತ್ತಾರೆ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್ ಗಾಲ್ಫ್ ನೋಡಲು, ಗಾಲ್ಫ್ ಅಂದರೆ ಏನೆಂದೇ ಗೊತ್ತಿಲ್ಲದವರೂ ಬೆಳಿಗ್ಗೆ ಬೇಗ ಎದ್ದಿದ್ದರು. ಡ್ರೈವ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಆಕೆಗಿಂತ ಬಹಳ ಮುಂದೆ ಹೊಡೆಯುತ್ತಿದ್ದರು. ಕೊನೆಗೆ ಕೋರ್ಡಾ 17 ಅಂಡರ್ (ಪಾರ್‌ಗಿಂತ 17 ಹೊಡೆತ ಕಡಿಮೆ), ಅದಿತಿ 15 ಅಂಡರ್, ನಾಲ್ಕನೇ ಸ್ಥಾನ. ಪದಕ ಒಂದೇ ಸ್ಟ್ರೋಕ್ ದೂರದಲ್ಲಿ ತಪ್ಪಿತು. ಹಿಂದೆ ಬಿದ್ದ ಗಜಗಳನ್ನು ಆಕೆ ಪಟರ್‌ನಿಂದ ವಸೂಲಿ ಮಾಡುತ್ತಿದ್ದದ್ದನ್ನು ನೋಡಿಯೂ ನಾನು ಮರುದಿನ ರೇಂಜಿಗೆ ಹೋಗಿ ನೂರು ಚೆಂಡು ಡ್ರೈವರ್‌ನಲ್ಲೇ ಹೊಡೆದೆ ಅಂದರೆ ನಂಬುತ್ತೀರಾ?

ಹಾಗಂತ ಸ್ವಿಂಗ್ ತಿದ್ದುವುದನ್ನು ಬಿಟ್ಟಿಲ್ಲ. ಅದರ ಜಾಗ ಬದಲಾಯಿಸಿದ್ದೇನೆ. ಈಗ ಮಂಗಳವಾರ, ರೇಂಜಿನಲ್ಲಿ, ಒಂದೇ ಕ್ಲಬ್ಬನ್ನು ಸತತ ಎರಡು ಸಲ ಹೊಡೆಯುವ ಹಾಗಿಲ್ಲ ಅಂತ ನನಗೇ ಒಂದು ನಿಯಮ. ಡ್ರೈವರ್, ಆಮೇಲೆ ಸೆವೆನ್ ಐರನ್, ಆಮೇಲೆ ವೆಜ್. ಪ್ರತಿ ಚೆಂಡಿಗೂ ಹಿಂದೆ ಸರಿದು, ಗುರಿ ನೋಡಿ, ಮತ್ತೆ ನಿಲ್ಲಬೇಕು. ಒಂದು ಗಂಟೆಗೆ ಮೂವತ್ತು ಚೆಂಡೂ ಮುಗಿಯಲ್ಲ. ಹೊಡೆತಗಳೂ ಮೊದಲಿನಷ್ಟು ಅಂದವಾಗಿ ಬೀಳಲ್ಲ. ಹಿಂದೆ ನಾನು ರೇಂಜಿನಲ್ಲಿ ಹುಲಿ, ಕೋರ್ಸಿನಲ್ಲಿ ಇಲಿ. ಈಗ ಎರಡೂ ಕಡೆ ಬೆಕ್ಕು. ಐರನ್ ಮಾತ್ರ ಮ್ಯಾಟ್ ಮೇಲೆ ಹೊಡೆಯುವುದನ್ನು ಬಿಟ್ಟೆ. ಚೆಂಡಿಗಿಂತ ಒಂದಿಂಚು ಹಿಂದೆ ನೆಲಕ್ಕೆ ತಗುಲಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಚೆಂಡು ಹಾರುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತಕ್ಕೆ ಮಣ್ಣಷ್ಟೇ ಹಾರುವುದು.

ರೌಂಡ್ ನಡುವೆ ಈಗಿನ ನನ್ನ ಲೆಕ್ಕ ಹೀಗಿದೆ. ಎರಡು ಡ್ರೈವ್ ಬಲಕ್ಕೆ ಹೋದರೆ ಫೇಸ್ ಎಡಕ್ಕೆ. ಆಮೇಲೂ ಒಂದು ಓಬಿ ಹೋದರೆ ಡ್ರೈವರ್‌ಗೆ ಟೋಪಿ ಹಾಕಿ ಫೈವ್ ವುಡ್. ಗ್ರಿಪ್ ಮುಟ್ಟುವ ಹಾಗಿಲ್ಲ.

ಆಷಾಢದ ಗಾಳಿಯಲ್ಲಿ ಮಾತ್ರ ಇದು ಕೈಕೊಡುತ್ತದೆ. ಎಡದಿಂದ ಬಲಕ್ಕೆ ಬೀಸುವ ಗಾಳಿ ಸ್ಲೈಸನ್ನು ಎತ್ತಿಕೊಂಡು ಓಡುತ್ತದೆ. ಫೈವ್ ವುಡ್‌ನ ಎತ್ತರದ ಚೆಂಡನ್ನಂತೂ ಇನ್ನೂ ಜಾಸ್ತಿ. ಆರು ರೌಂಡ್‌ನಲ್ಲಿ ಫೈವ್ ವುಡ್‌ನಿಂದ ಹೋದ ಆ ಒಂದು ಓಬಿ ಅಂಥ ದಿನದ್ದೇ. ಅವತ್ತು ಅಣ್ಣ ಕೇಳಿದ್ದು, "ಸಾರ್, ಫೋರ್ ಐರನ್ ಮನೇಲೇ ಬಿಟ್ಬಂದ್ರಾ?" ಚೆಂಡನ್ನು ತಗ್ಗಿನಲ್ಲಿ ಹಾರಿಸುವ ಅದನ್ನು ನಿಜಕ್ಕೂ ಬಿಟ್ಟು ಬಂದಿದ್ದೆ. ಈ ಸಲ ಆಷಾಢಕ್ಕೆ ಮುಂಚೆ ಅದರ ಧೂಳು ಒರೆಸಿ ಬ್ಯಾಗಿಗೆ ಹಾಕಿದ್ದೇನೆ. ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಇರುವ ಹಾಗಿಲ್ಲವಲ್ಲ, ಹಾಗಾಗಿ ಯಾವುದನ್ನು ತೆಗೆಯೋದು ಅಂತ ಯೋಚನೆ ನಡೆದಿದೆ.