ಹಳೆಯ ಕಾಫಿ ಗ್ರೈಂಡರ್ ಕೊಳ್ಳುವ ಮುನ್ನ ಮೇಲಿನ ಬರ್ ಬಿಚ್ಚಿಸಿ ನೋಡಿ

ಮನೆಯಲ್ಲಿ ಎಸ್ಪ್ರೆಸೊ ಮಾಡಲು ಸೆಕೆಂಡ್ ಹ್ಯಾಂಡ್ ಗ್ರೈಂಡರ್ ಹುಡುಕುತ್ತಿರುವವರು, ಮಾರುವವರು ಕಣ್ಣೆದುರೇ ಕಾಫಿ ಮಾಡಿ ತೋರಿಸಿದರೂ ಅದೊಂದನ್ನೇ ನಂಬಿ ಹಣ ಕೊಡಬಾರದೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಗ್ರೈಂಡರ್ ಮಾರಿದವರು ಮೋಟಾರ್ ಓಡಿಸಿ ತೋರಿಸಿದರು, ಬೀಜ ಬೀಸಿದರು, ಆ ಪುಡಿಯಿಂದಲೇ ದಪ್ಪ ಕ್ರೆಮಾ (ಕಾಫಿಯ ಮೇಲಿನ ನೊರೆ) ಕಟ್ಟಿದ ಎಸ್ಪ್ರೆಸೊ ಇಳಿಸಿ ಕೈಗೂ ಕೊಟ್ಟರು. ಆದರೆ ಅವರು ಬಳಸಿದ್ದು ಎರಡು ಪದರದ ಬಾಸ್ಕೆಟ್ (ಎಸ್ಪ್ರೆಸೊ ಯಂತ್ರದಲ್ಲಿ ಪುಡಿ ತುಂಬುವ ಜಾಲರಿಯಂಥ ಬಟ್ಟಲು). ಆ ಬಗೆಯ ಬಾಸ್ಕೆಟ್‌ನ ಹೊರಪದರದಲ್ಲಿ ಸೂಜಿಮೊನೆಯಷ್ಟು ಚಿಕ್ಕದಾದ ಒಂದೇ ರಂಧ್ರವಿರುತ್ತದೆ. ನೀರನ್ನು ತಡೆದು ಒತ್ತಡ ಹುಟ್ಟಿಸುವುದು ಆ ರಂಧ್ರವೇ ಹೊರತು ಕಾಫಿ ಪುಡಿಯಲ್ಲ; ಹಾಗಾಗಿ ಪುಡಿ ತರಿಯಾಗಿದ್ದರೂ ನೊರೆ ಚೆನ್ನಾಗಿಯೇ ಬರುತ್ತದೆ, ಗ್ರೈಂಡರಿನ ದೋಷ ಮರೆಯಾಗುತ್ತದೆ.

ಒಂದೇ ಪದರದ ಬಾಸ್ಕೆಟ್‌ನಲ್ಲಿ ಮರೆಮಾಚಲು ಏನೂ ಇರುವುದಿಲ್ಲ. ಅಲ್ಲಿ ಸುಮಾರು 9 ಬಾರ್ ಒತ್ತಡದ ನೀರನ್ನು ತಡೆದು ನಿಲ್ಲಿಸಬೇಕಾದದ್ದು ಪುಡಿಯೇ. 18 ಗ್ರಾಂ ಪುಡಿಯಿಂದ 36 ಗ್ರಾಂನಷ್ಟು ಕಾಫಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ. ನಾನು ತಂದ ಗ್ರೈಂಡರಿನ ಪುಡಿಯಲ್ಲಿ ಅಷ್ಟೂ ಕಾಫಿ ಅದರ ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ, ನೀರುನೀರಾಗಿ, ಬರೀ ಹುಳಿಯಾಗಿ ಸುರಿದುಬಿಡುತ್ತಿತ್ತು. ಡಯಲನ್ನು ಅತಿ ನುಣುಪಿನ ಗುರುತಿಗೆ ತಂದರೂ ವ್ಯತ್ಯಾಸವಾಗಲಿಲ್ಲ.

ಕಾಫಿ ಹೀಗೆ ಬೇಗ ಇಳಿಯುವುದಕ್ಕೆ ಗ್ರೈಂಡರ್ ಒಂದೇ ಕಾರಣವಲ್ಲ. ಹುರಿದು ಬಹಳ ಕಾಲವಾದ ಬೀಜ, ಕಡಿಮೆ ತೂಕದ ಪುಡಿ, ಓರೆಯಾಗಿ ಒತ್ತಿದ ಪುಡಿ, ಇವೆಲ್ಲವೂ ಇದೇ ಫಲ ಕೊಡುತ್ತವೆ. ಆದ್ದರಿಂದ ಹೊಸದಾಗಿ ಹುರಿದ ಬೀಜ ತಂದು, ತೂಕ ಸರಿಯಿಟ್ಟು, ಒಳಗೆ ಅಂಟಿಕೊಂಡಿದ್ದ ಮುಗ್ಗಲು ವಾಸನೆಯ ಹಳೆಯ ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದೆ. (ಬೀಜವನ್ನು ನಡುವೆ ಹಿಡಿದು ಅರೆಯುವ, ಹಲ್ಲುಗಳಿರುವ ಮೇಲಿನ ಮತ್ತು ಕೆಳಗಿನ ಉಕ್ಕಿನ ಬರ್‌ಗಳನ್ನು ನೀರಿನಲ್ಲಿ ತೊಳೆಯಬಾರದು, ತುಕ್ಕು ಹಿಡಿಯುತ್ತದೆ.) ಬಳಿಕ ಬೀಜ ಹಾಕದೆ ಓಡಿಸಿ, ಡಯಲನ್ನು ನಿಧಾನವಾಗಿ ನುಣುಪಿನ ಕಡೆಗೆ ತಿರುಗಿಸಿದೆ. ಎರಡು ಬರ್‌ಗಳು ಒಂದಕ್ಕೊಂದು ಸವರಿದಾಗ ಕೇಳುವ ಕಿರ್ ಎಂಬ ಸದ್ದು ಕೇಳಿಸಿತು. ಬರ್‌ಗಳು ಸಾಕಷ್ಟು ಹತ್ತಿರ ಬರುತ್ತಿವೆ ಎಂದು ಆ ಸದ್ದು ಹೇಳುತ್ತದೆ, ಆದರೆ ಬೀಜ ಬಿದ್ದ ಮೇಲೂ ಅವು ಅಲ್ಲೇ ನಿಲ್ಲುತ್ತವೆಯೇ ಎಂಬುದನ್ನು ಹೇಳುವುದಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ಪ್ಲಗ್ ಕಿತ್ತು, ಬೀಜ ತುಂಬುವ ಹಾಪರ್ ತೆಗೆದು, ಮೇಲಿನ ಬರ್ ಕುಳಿತಿರುವ ಪ್ಲಾಸ್ಟಿಕ್ ಉಂಗುರವನ್ನು ಹೊರಗೆಳೆದಾಗ. ಉಂಗುರವನ್ನು ಹಿಡಿದಿಡುವ ಪುಟ್ಟ ಕಿವಿಗಳಲ್ಲಿ ಒಂದು ಬುಡದಲ್ಲೇ ಮುರಿದಿತ್ತು. ಅದನ್ನು ಯಾರೋ ಅಂಟು ಹಾಕಿ ಕೂರಿಸಿದ್ದರು. ಒಣಗಿದ ಅಂಟು ಹಳದಿ ಗೆರೆಯಾಗಿ ಬಿರುಕಿನ ಉದ್ದಕ್ಕೂ ಉಬ್ಬಿ ನಿಂತಿತ್ತು. ಬರಿದಾಗಿ ಓಡುವಾಗ ಉಂಗುರ ತನ್ನ ಜಾಗದಲ್ಲೇ ಇರುತ್ತಿತ್ತು. ಬೀಜಗಳು ಬರ್‌ಗಳ ನಡುವೆ ಸಿಕ್ಕಿ ಒತ್ತಿದ ಕೂಡಲೇ ಆ ಬದಿ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಎಸ್ಪ್ರೆಸೊ ಕೆಡಲು ಅಷ್ಟು ಸಾಕು, ಏಕೆಂದರೆ ಒಂದೇ ಬೀಸಿನಲ್ಲಿ ಹಿಟ್ಟಿನಂಥ ಪುಡಿಯೂ ರವೆಯಂಥ ತರಿಯೂ ಬೆರೆತು ಬರುತ್ತವೆ, ನೀರು ತರಿಯಿರುವ ಕಡೆ ದಾರಿ ಮಾಡಿಕೊಂಡು ಓಡಿಬಿಡುತ್ತದೆ. ಬರ್‌ಗಳ ಹಲ್ಲುಗಳೂ ಸವೆದಿದ್ದವು. ಟಾರ್ಚ್ ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ: ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ, ಮೊಂಡಾದ ಅಂಚಿನ ಮೇಲೆ ತೆಳುವಾದ ಬಿಳಿ ಗೆರೆ ಹೊಳೆಯುತ್ತದೆ.

ಅಂಟು ಹಾಕಿ ಮುಚ್ಚಿದವರಿಗೆ ದೋಷ ತಿಳಿದೇ ಇತ್ತು. ಮಾರಿದವರನ್ನು ಕೇಳಿದಾಗ, ಕೊಡುವಾಗ ಸರಿಯಾಗಿತ್ತು, ಕಾಫಿಯನ್ನು ನೀವೇ ಕುಡಿದಿರಿ ಎಂಬ ಉತ್ತರವಷ್ಟೇ ಬಂತು. ಆ ಮಾದರಿಯ ತಯಾರಿಕೆ ನಿಂತುಹೋಗಿದ್ದರಿಂದ ಉಂಗುರವೂ ಸಿಗಲಿಲ್ಲ. ಇಂಥ ಕಡೆ ಮತ್ತೆ ಅಂಟು ಹಾಕಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದು ಚೂರಾಗಿ ಬರ್‌ಗಳ ನಡುವೆ ಬಿದ್ದರೆ ಪ್ಲಾಸ್ಟಿಕ್ ಪುಡಿ ಕಾಫಿಯೊಳಗೇ ಸೇರುತ್ತದೆ.

ಆದ್ದರಿಂದ ನೋಡಲು ಹೋಗುವಾಗ ನಿಮ್ಮದೇ ಬೀಜ, ಒಂದೇ ಪದರದ ಬಾಸ್ಕೆಟ್ ಮತ್ತು ಚಿಕ್ಕ ತಕ್ಕಡಿ ಜೊತೆಗಿರಲಿ. ಬಾಸ್ಕೆಟ್‌ನ ಅಳತೆ ಅವರ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪ್ಲಗ್ ತೆಗೆಸಿ, ಮೇಲಿನ ಬರ್ ಬಿಚ್ಚಿ ತೋರಿಸಲು ಹೇಳಿ. ಮನೆಬಳಕೆಯ ಅನೇಕ ಗ್ರೈಂಡರುಗಳಲ್ಲಿ ಅದಕ್ಕೆ ಯಾವ ಉಪಕರಣವೂ ಬೇಕಾಗುವುದಿಲ್ಲ, ಶುಚಿಗೊಳಿಸಲು ಅನುಕೂಲವಾಗಲೆಂದೇ ಹಾಗೆ ಮಾಡಿರುತ್ತಾರೆ. ಹಾಗಿದ್ದೂ ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ. ಸ್ಕ್ರೂಗಳ ತಲೆ ಸವೆದಿದ್ದರೆ ಯಾಕೆ ಬಿಚ್ಚಿದ್ದರೆಂದು ಕೇಳಿ. ಕೆಳಗಿನ ಬರ್ ಅನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ. ಅಲುಗಾಡಿದರೆ ಬೇರಿಂಗ್ ಸವೆದಿರಬಹುದು. ತಳದ ಫಲಕದಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ಓದಿಕೊಳ್ಳಿ, ಏಕೆಂದರೆ 110 ವೋಲ್ಟ್‌ಗೆ ಮಾಡಿದ ಮೋಟಾರನ್ನು 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಅದೇ ಫಲಕದಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಬರ್ ಮತ್ತು ಉಂಗುರ ಎರಡೂ ಬಿಡಿಭಾಗಗಳಾಗಿ ಈಗಲೂ ಸಿಗುತ್ತವೆ ಎಂಬುದು ಖಚಿತವಾದ ಮೇಲಷ್ಟೇ ಬೆಲೆಯ ಮಾತು ಎತ್ತಿ.