ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೋಮೀಟರ್: ಒಂದು ವರ್ಷ ಬಳಸಿದ ಮೇಲೆ

ಗುಂಡಿ ತಿರುಗಿಸುವ ಹಳೆಯ ಆಡಿಯೋಮೀಟರ್ (ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಯಂತ್ರ) ಬಿಟ್ಟು, ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸುವ ಈ ಚಿಕ್ಕ ಪೆಟ್ಟಿಗೆ ತಗೊಂಡು ಒಂದು ವರ್ಷವಾಯಿತು. ಹಳೆಯದಕ್ಕೆ ಮತ್ತೆ ಹೋಗುವ ಮನಸ್ಸಿಲ್ಲ. ಆದರೂ ಕೊಳ್ಳುವ ಮುಂಚೆ ಕೆಲವು ವಿಷಯ ಗೊತ್ತಿರಲಿ.

ನನಗೆ ತುಂಬಾ ಹಿಡಿಸಿದ್ದು ಗ್ರಾಫ್. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು, ಟೆಸ್ಟ್ ಮಾಡ್ತಾ ಇದ್ದ ಹಾಗೇ ಪರದೆ ಮೇಲೆ ಮೂಡುತ್ತವೆ, ಹಿಂದಿನ ಸಲದ್ದನ್ನೂ ಅದರ ಮೇಲೇ ಇಟ್ಟು ತೋರಿಸಬಹುದು. "ನೋಡಿ, 4000 ಹರ್ಟ್ಸ್ ಹತ್ತಿರ ಗೆರೆ ಕೆಳಗಿಳಿದಿದೆ, ಸ, ಫ ಥರದ ಶಬ್ದ ತಪ್ಪಿಹೋಗುವುದು ಇದಕ್ಕೇ" ಅಂದರೆ ಜೊತೆಗೆ ಬಂದ ಮನೆಯವರಿಗೂ ಅರ್ಥವಾಗುತ್ತದೆ. ಎರಡು ಕಿವಿಗಳ ನಡುವೆ 40 ಡೆಸಿಬಲ್ ಅಂತರ ಬಂದರೆ ಮಾಸ್ಕಿಂಗ್ (ಚೆನ್ನಾಗಿ ಕೇಳುವ ಕಿವಿಗೆ ಬೇರೆ ಸದ್ದು ಹಾಕಿ ಅದು ನಡುವೆ ಬರದಂತೆ ತಡೆಯುವುದು) ಮಾಡಿ ಎಂದು ತಾನೇ ನೆನಪಿಸುತ್ತದೆ. ಗಡಿಬಿಡಿಯ ದಿನ ಇದು ದೊಡ್ಡ ಸಹಾಯ.

ಆಟೋ ಮೋಡ್ ಬಗ್ಗೆ ಮಾತ್ರ ಹುಷಾರು. ಕೇಳಿಸಿದರೆ 10 ಡೆಸಿಬಲ್ ಇಳಿಸು, ಕೇಳಿಸದಿದ್ದರೆ 5 ಏರಿಸು, ಅಷ್ಟು ಲೆಕ್ಕ ಅದಕ್ಕೆ ಚೆನ್ನಾಗಿ ಬರುತ್ತದೆ. ಎದುರಿಗೆ ಕೂತವರ ಮುಖ ಅದಕ್ಕೆ ಕಾಣಿಸುವುದಿಲ್ಲ ಅಲ್ವಾ? ಒಬ್ಬ ಅಜ್ಜಿ ಬಂದಿದ್ದರು. ಮಾತಾಡಿಸಿದರೆ ಪ್ರತಿಯೊಂದಕ್ಕೂ "ಹಾಂ?" ಅನ್ನುತ್ತಿದ್ದರು, ಗ್ರಾಫ್ ನೋಡಿದರೆ ಯಾವ ತೊಂದರೆಯೂ ಇಲ್ಲ. ಏನಪ್ಪಾ ಇದು ಅಂತ ಪಕ್ಕದಲ್ಲಿ ನಿಂತು ನೋಡಿದೆ. ಶಬ್ದ ಹೋದಾಗಲೆಲ್ಲ ಪರದೆಯಲ್ಲಿ ಹಸಿರು ಚುಕ್ಕೆ ಹತ್ತುತ್ತದೆ, ಅದು ನನ್ನ ಹಿಂದಿನ ಕಿಟಕಿ ಗಾಜಿನಲ್ಲಿ ಕಾಣುತ್ತಿತ್ತು, ಅವರು ಅದನ್ನು ನೋಡಿಕೊಂಡು ಬಟನ್ ಒತ್ತುತ್ತಿದ್ದರು. ಪಾಪ, ಹಾಗೇ ಮಾಡಬೇಕು ಅಂದುಕೊಂಡಿದ್ದರು. ಕುರ್ಚಿ ತಿರುಗಿಸಿ ನಾನೇ ಕೈಯಾರೆ ಮತ್ತೆ ಮಾಡಿದಾಗ 4000ದಲ್ಲಿ 60 ಡೆಸಿಬಲ್ ಬಂತು, ಅಂದರೆ ಅಷ್ಟು ಜೋರು ಮಾಡಿದರೆ ಮಾತ್ರ ಅವರಿಗೆ ಕೇಳಿಸುತ್ತಿತ್ತು. ಆ ಮೊದಲ ಗ್ರಾಫ್ ನಂಬಿ ಕಳಿಸಿಬಿಟ್ಟಿದ್ದರೆ ಅಂತ ಈಗಲೂ ಹೊಟ್ಟೆ ಕಿವುಚುತ್ತದೆ.

ಲ್ಯಾಪ್‌ಟಾಪ್ ಫ್ಯಾನಿನ ಸದ್ದೂ ಸುಮ್ನೆ ಬಿಡುವಂಥದ್ದಲ್ಲ. ಮೆಲ್ಲನೆಯ ಶಬ್ದಗಳನ್ನು, ಅದರಲ್ಲೂ 250, 500 ಹರ್ಟ್ಸಿನವನ್ನು, ಅದು ಮುಚ್ಚಿಹಾಕುತ್ತದೆ. ನಾನು ಲ್ಯಾಪ್‌ಟಾಪನ್ನು ಬೂತಿನ (ಹೊರಗಿನ ಸದ್ದು ತಡೆಯುವ ಟೆಸ್ಟ್ ಕೋಣೆ) ಹೊರಗೆ ಇಟ್ಟ ಮೇಲೆಯೇ ಸರಿಹೋಯಿತು. ಅಪ್‌ಡೇಟ್ ಕೂಡ ರಾತ್ರಿಗೇ ಇಟ್ಟುಬಿಡಿ.

ನನಗೆ ಬೇಜಾರಾಗಿದ್ದು ಮಾರಿದವರ ಮೇಲೆ. ಹೆಡ್‌ಫೋನ್ ವೈರ್ ಕಿತ್ತುಹೋದಾಗ ಸುಮ್ನೆ ಹೊಸ ಹೆಡ್‌ಫೋನ್ ಒಂದನ್ನೇ ಕಳಿಸಿ "ಹಾಕಿಕೊಳ್ಳಿ" ಅಂದರು. ಹಾಗೆ ಹಾಕಿಕೊಳ್ಳುವಂತಿಲ್ಲ! ಕ್ಯಾಲಿಬ್ರೇಶನ್ (ಪರದೆಯ ಅಂಕಿಗೆ ತಕ್ಕ ಸದ್ದೇ ಕಿವಿಗೆ ಹೋಗುವಂತೆ ಹೊಂದಿಸುವುದು) ಆಗಿರುವುದು ಆ ಪೆಟ್ಟಿಗೆ ಮತ್ತು ಆ ಹೆಡ್‌ಫೋನ್ ಎರಡಕ್ಕೂ ಸೇರಿಸಿ. ಹೆಡ್‌ಫೋನ್ ಬದಲಾದರೆ ಪರದೆ 30 ಅಂದರೂ ಕಿವಿಗೆ ಹೋಗುವುದು ಎಷ್ಟೋ ಯಾರಿಗೆ ಗೊತ್ತು? ಎರಡನ್ನೂ ಕಳಿಸಿ ಕ್ಯಾಲಿಬ್ರೇಟ್ ಮಾಡಿಸುವಷ್ಟರಲ್ಲಿ ಎರಡು ವಾರ ಕೆಲಸ ನಿಂತಿತು. ನೀವು ಕೊಳ್ಳುವಾಗಲೇ ಅದೇ ಪೆಟ್ಟಿಗೆಗೆ ಕ್ಯಾಲಿಬ್ರೇಟ್ ಆದ ಇನ್ನೊಂದು ಹೆಡ್‌ಫೋನ್ ಕೇಳಿ ತಗೊಳ್ಳಿ.